ಥೀಸಿಸ್‌ಗೆ ಐಡಿಯಾ ಎಲ್ಲಿಂದ ತರೋದು? ಹಾವು ಕಡಿತದ ಮೇಲೆ ಇನ್ನೇನು ಉಳಿದಿದೆ?

ರಾತ್ರಿಪಾಳಿ ಪಿಜಿ

ನಮಸ್ಕಾರ ಎಲ್ಲರಿಗೂ. ನಾನು ಜನರಲ್ ಮೆಡಿಸಿನ್ ಎಂಡಿ, ಮೊದಲ ವರ್ಷ. ಮಲೆನಾಡಿನ ಅಂಚಿಗಿರುವ ಕಾಲೇಜು, ಹೆಸರು ಬೇಡ. ಸಿನಾಪ್ಸಿಸ್ (ಥೀಸಿಸ್ ಹೇಗೆ ಮಾಡುತ್ತೇವೆ ಅನ್ನುವ ಯೋಜನೆ) ಕೊಡಲು ಇನ್ನು ಏಳು ವಾರ ಇದೆ. ಗೈಡ್ ಮೇಡಂ ಒಳ್ಳೆಯವರೇ, ಆದರೆ ಹೋದಾಗಲೆಲ್ಲ "ಮೊದಲು ನೀನೊಂದು ಐಡಿಯಾ ತಗೊಂಡು ಬಾ, ಆಮೇಲೆ ಮಾತಾಡೋಣ" ಅನ್ನುತ್ತಾರೆ. ಐದೂವರೆ ವರ್ಷ ಎಂಬಿಬಿಎಸ್ ಓದಿದೆ, ಐಡಿಯಾ ಎಲ್ಲಿ ಸಿಗುತ್ತದೆ ಅಂತ ಒಬ್ಬರೂ ಹೇಳಿಕೊಡಲಿಲ್ಲ.

ನಮ್ಮ ಕಡೆ ಮಳೆ ಹಿಡಿದರೆ ಹಾವು ಕಡಿತದ ಕೇಸ್ ಜಾಸ್ತಿ. ಗದ್ದೆ, ಅಡಿಕೆ ತೋಟ, ಸೌದೆ ರಾಶಿ, ಎಲ್ಲ ಕಡೆಯಿಂದಲೂ ಬರುತ್ತಾರೆ. ಹಾಗಾಗಿ "ಹಾವು ಕಡಿತದ ಕ್ಲಿನಿಕಲ್ ಪ್ರೊಫೈಲ್ ಮತ್ತು ಔಟ್‌ಕಮ್" ಮಾಡೋಣ ಅಂದುಕೊಂಡೆ. ಲೈಬ್ರರಿಗೆ ಹೋದರೆ ಅದೇ ಹೆಸರಿನ ಮೂರು ಥೀಸಿಸ್ ಒಂದೇ ಕಪಾಟಿನಲ್ಲಿ ಕೂತಿವೆ, ವರ್ಷ ಮಾತ್ರ ಬೇರೆ. ವೈದ್ಯಕೀಯ ಪೇಪರ್ ಹುಡುಕುವ ಪಬ್‌ಮೆಡ್ ಸೈಟಿನಲ್ಲಿ ನೋಡಿದರೆ ಪುಟದ ಮೇಲೆ ಪುಟ. ಯೋಚಿಸಿದ್ದನ್ನೆಲ್ಲ ಯಾರೋ ಆಗಲೇ ಮಾಡಿ ಮುಗಿಸಿದ್ದಾರೆ. ವಿಷದ ಪ್ರೋಟೀನು, ಜೀನು ಅಂತ ಹೊಸದಾಗಿ ಏನಾದರೂ ಮಾಡೋಣ ಅಂದರೆ ನಮ್ಮಲ್ಲಿ ಅಂಥ ಲ್ಯಾಬ್ ಇಲ್ಲ.

ಇನ್ನೊಂದು, ಇದಕ್ಕೂ ಪ್ರಶ್ನೆಗೂ ಸಂಬಂಧ ಇಲ್ಲ, ಸುಮ್ನೆ ಹೇಳುತ್ತಿದ್ದೇನೆ. ಹೋದ ವಾರ ನೈಟ್ ಡ್ಯೂಟಿಯಲ್ಲಿ ಹಾವು ಕಡಿದ ಒಬ್ಬರಿಗೆ 20 ನಿಮಿಷದ ಕ್ಲಾಟಿಂಗ್ ಟೆಸ್ಟ್ (ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟುತ್ತದಾ ಅಂತ ನೋಡುವುದು) ಮಾಡಿದ್ದರು. ಇಂಟರ್ನ್ ಕೇಸ್ ಶೀಟ್‌ನಲ್ಲಿ "ಹೆಪ್ಪುಗಟ್ಟಿಲ್ಲ" ಅಂತ ಬರೆದಿದ್ದ. ನನಗೆ ಅನುಮಾನ ಬಂದು ಇನ್ನೊಂದು ಟ್ಯೂಬ್ ತೆಗೆದೆ, ಚೆನ್ನಾಗಿ ಹೆಪ್ಪುಗಟ್ಟಿತು. ಕೇಳಿದರೆ ಹುಡುಗ ಹತ್ತನೇ ನಿಮಿಷಕ್ಕೇ ಎತ್ತಿ ಅಲ್ಲಾಡಿಸಿ ನೋಡಿದ್ದನಂತೆ. ಅಷ್ಟರಲ್ಲಿ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಶುರುವಾಗಿತ್ತು. ಇಂಥ ಗಡಿಬಿಡಿಯ ಮಧ್ಯೆ ಸಂಶೋಧನೆ ಬೇರೆ ಮಾಡಬೇಕಂತೆ.

ಯಾರಾದರೂ ದಾರಿ ತೋರಿಸಿ.

ಪಾಸಾದ್ರೆ ಸಾಕು

ಗುರು, ತಲೆ ಕೆಡಿಸಿಕೊಳ್ಳಬೇಡಿ. ಆ ಮೂರು ಥೀಸಿಸ್‌ನಲ್ಲಿ ಒಂದನ್ನು ತೆಗೆದು ಊರು, ವರ್ಷ ಬದಲಿಸಿ ನಾಲ್ಕನೆಯದು ಮಾಡಿ. ನಾನೂ ಹಾಗೇ ಮಾಡಿದ್ದು. ಎಂಡಿ ಮುಗಿದ ಮೇಲೆ ಯಾರೂ ಥೀಸಿಸ್ ಕೇಳುವುದಿಲ್ಲ, ಕೇಸ್ ಪ್ರೆಸೆಂಟೇಶನ್ ಕೇಳುತ್ತಾರೆ. ಆ ಟೈಮಿನಲ್ಲಿ ವಾರ್ಡ್‌ನಲ್ಲಿ ನಾಲ್ಕು ರೋಗಿಗಳನ್ನು ಜಾಸ್ತಿ ನೋಡಿ.

ಹಳೇ ರಿಜಿಸ್ಟ್ರಾರ್

ಮೇಲಿನವರ ಮಾತಿನಲ್ಲಿ ಅರ್ಧ ನಿಜ ಇದೆ. ಕ್ಲಿನಿಕ್ಸ್ ಬಿಟ್ಟು ಥೀಸಿಸ್ ಹಿಂದೆ ಬಿದ್ದರೆ ಕಷ್ಟ. ಆದರೆ ನಾಲ್ಕನೇ ಕಾಪಿ ಮಾಡಲೂ ನೂರು ರೋಗಿಗಳ ಹಿಂದೆ ಓಡಲೇಬೇಕು. ಅಷ್ಟು ಓಡಿದ ಮೇಲೆ ಏನೂ ಗೊತ್ತಾಗದಿದ್ದರೆ ಬೇಜಾರಾಗುವುದಿಲ್ವಾ?

ಈಗ ನಿಮ್ಮ ವಿಷಯ. "ಪ್ರಶ್ನೆಗೆ ಸಂಬಂಧ ಇಲ್ಲ, ಸುಮ್ನೆ" ಅಂತ ಬರೆದಿರಲ್ಲ, ಅದೇ ನಿಮ್ಮ ಥೀಸಿಸ್. ಕೈಗೆ ಸಿಕ್ಕಿದ್ದನ್ನು ಕಸದ ಬುಟ್ಟಿಗೆ ಹಾಕಿ ಐಡಿಯಾ ಎಲ್ಲಿ ಅಂತ ಹುಡುಕುತ್ತಿದ್ದೀರಿ.

ಯಾಕೆ ಅಂತ ಹೇಳುತ್ತೇನೆ. ಕೊಳಕುಮಂಡಲ ಕಡಿದರೆ ರಕ್ತ ಹೆಪ್ಪುಗಟ್ಟುವ ಅಂಶಗಳು ಖರ್ಚಾಗಿಬಿಡುತ್ತವೆ, ಅದನ್ನು ಹಾಸಿಗೆ ಪಕ್ಕದಲ್ಲೇ ಕಂಡುಹಿಡಿಯಲು ಈ ಟೆಸ್ಟ್. ಎರಡು ಎಂಎಲ್ ರಕ್ತ, ಒಣಗಿದ ಸ್ವಚ್ಛ ಗಾಜಿನ ಟ್ಯೂಬ್, ಅಲುಗಾಡದಂತೆ 20 ನಿಮಿಷ, ಆಮೇಲೆ ಒಂದೇ ಸಲ ಬಗ್ಗಿಸಿ ನೋಡುವುದು. ಕಾಸಿನ ಖರ್ಚಿಲ್ಲ. ಕೇಳಲು ಇಷ್ಟು ಸುಲಭ, ಆದರೆ ಎಲ್ಲೆಲ್ಲಿ ತಪ್ಪಬಹುದು ನೋಡಿ. ಟ್ಯೂಬ್ ಪ್ಲಾಸ್ಟಿಕ್ ಆಗಿದ್ದರೆ, ಅಥವಾ ಸೋಪಿನ ಪುಡಿ ಹಾಕಿ ತೊಳೆದು ಮತ್ತೆ ಬಳಸಿದ್ದಾಗಿದ್ದರೆ, ಹೆಪ್ಪುಗಟ್ಟುವ ಕೆಲಸ ಸರಿಯಾಗಿ ಶುರುವಾಗುವುದೇ ಇಲ್ಲ. ಒಳ್ಳೆಯ ರಕ್ತವೂ ನೀರಿನ ಹಾಗೆ ಹರಿಯುತ್ತದೆ. ಮೊದಲೇ ಅಲ್ಲಾಡಿಸಿದರೂ ಅದೇ ಕಥೆ. ಆಗ ಬೇಡದವರಿಗೆ ಎಂಟು ಹತ್ತು ವೈಲ್ ಎಎಸ್‌ವಿ ಹೋಗುತ್ತದೆ, ಅದರ ಜೊತೆ ಮೈ ತುರಿಕೆ, ಬಿಪಿ ಬೀಳುವುದು, ಜೀವಕ್ಕೇ ಅಪಾಯವಾಗುವ ಅಲರ್ಜಿ (ಅನಾಫಿಲ್ಯಾಕ್ಸಿಸ್). ಉಲ್ಟಾ ತಪ್ಪಿದರೆ ಇನ್ನೂ ಕೆಟ್ಟದ್ದು, ಬೇಕಾದವರಿಗೆ ತಡವಾಗುತ್ತದೆ.

ಶ್ರೀಲಂಕಾದವರು ಕೊಳಕುಮಂಡಲ ಕಡಿದವರಲ್ಲಿ ಇದನ್ನು ನೋಡಿದ್ದಾರೆ. ಒಂದು ಅಧ್ಯಯನದಲ್ಲಿ, ಆಸ್ಪತ್ರೆಗಳಲ್ಲಿ ದಿನಬಳಕೆಯಲ್ಲಿ ಮಾಡುವಂತೆ ಮಾಡಿದಾಗ, ರಕ್ತ ಕೆಟ್ಟವರಲ್ಲಿ ಅರ್ಧದಷ್ಟು ಜನರನ್ನೂ ಟೆಸ್ಟ್ ಹಿಡಿಯಲಿಲ್ಲ. ಆಮೇಲಿನ ಇನ್ನೊಂದರಲ್ಲಿ, ತರಬೇತಿ ಪಡೆದವರು ನಿಯಮ ಪ್ರಕಾರ ಮಾಡಿದಾಗ, ಹಿಡಿದದ್ದು ನೂರಕ್ಕೆ 80ರ ಆಸುಪಾಸು. ಟೆಸ್ಟ್ ಅದೇ, ಹಾವೂ ಅದೇ, ಮಾಡುವ ರೀತಿ ಬೇರೆ. ನಿಮ್ಮ ಕ್ಯಾಶುವಾಲ್ಟಿ ಇವೆರಡರಲ್ಲಿ ಯಾವ ಕಡೆ ಇದೆ? ನಿಮಗೂ ಗೊತ್ತಿಲ್ಲ, ನಿಮ್ಮ ಗೈಡ್‌ಗೂ ಗೊತ್ತಿಲ್ಲ. ಪ್ರಶ್ನೆ ಅಂದರೆ ಇದು. ಆ ಎರಡು ಪೇಪರ್ ಹುಡುಕಿ, ಸಾರಾಂಶ ಬಿಟ್ಟು ಮೆಥಡ್ಸ್ ಭಾಗವನ್ನು ಸಾಲು ಸಾಲಾಗಿ ಓದಿ, ಕೊನೆಗೆ ಅವರೇ ಬರೆದ ಲಿಮಿಟೇಶನ್ಸ್ ಓದಿ. ಮೂವತ್ತು ಪೇಪರ್‌ನ ಸಾರಾಂಶ ಓದುವುದಕ್ಕಿಂತ ಎರಡನ್ನು ಹೀಗೆ ಓದಿದರೆ ಲಾಭ ಜಾಸ್ತಿ.

"ಯಾರೋ ಮಾಡಿ ಮುಗಿಸಿದ್ದಾರೆ" ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಯಾರೂ ಯೋಚಿಸದೇ ಇರುವುದೇ ಆಗಬೇಕು ಅಂತ ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಅಕ್ಕಪಕ್ಕದ ಹಳ್ಳಿಗಳಲ್ಲಿ ಜ್ವರ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ದಕ್ಕೇ ಮಂಗನ ಕಾಯಿಲೆಯ ವೈರಸ್ ಸಿಕ್ಕಿತು. ಅದಕ್ಕೂ ಮೊದಲ ಊಹೆ ಹಳದಿ ಜ್ವರ ಇರಬಹುದು ಅಂತ, ಅದು ತಪ್ಪಾಯಿತು. ದೊಡ್ಡವರ ಮೊದಲ ಐಡಿಯಾನೂ ತಪ್ಪಾಗುತ್ತದೆ, ನಿಮ್ಮದು ಆದರೇನಂತೆ.

ಒಂದು ಕೆಲಸ ಮಾಡಿ. ಇನ್ನೊಂದು ವಾರ ಏನೂ ಬರೆಯಬೇಡಿ. ಕ್ಯಾಶುವಾಲ್ಟಿ ರಿಜಿಸ್ಟರ್ ತೆಗೆದು ಹೋದ ವರ್ಷ ಎಷ್ಟು ಕೇಸ್ ಬಂದಿವೆ ಎಣಿಸಿ. 2024ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಹಾಗಾಗಿ ಲೆಕ್ಕ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಆಮೇಲೆ ಟ್ಯೂಬ್ ಎಲ್ಲಿಂದ ಬರುತ್ತದೆ, ಯಾರು ತೊಳೆಯುತ್ತಾರೆ, ಯಾರು ಟೈಮ್ ನೋಡುತ್ತಾರೆ, ಸುಮ್ನೆ ನಿಂತು ನೋಡಿ.

ರಾತ್ರಿಪಾಳಿ ಪಿಜಿ

ಸರ್, ಥ್ಯಾಂಕ್ಸ್. ಒಂದು ವಾರ ಅಲ್ಲ, ಹತ್ತು ದಿನ ಹಿಡಿಯಿತು. ಎಂಆರ್‌ಡಿಯಲ್ಲಿ (ಹಳೇ ಕೇಸ್ ಶೀಟ್ ಇಡುವ ವಿಭಾಗ) ಧೂಳು ಕುಡಿದು ಕುಡಿದು ಮೂಗು ಕಟ್ಟಿದೆ.

ಹೋದ ವರ್ಷ ರಿಜಿಸ್ಟರ್‌ನಲ್ಲಿ 131 ಜನ. ಅದರಲ್ಲಿ 35 ಜನ ತಾಲ್ಲೂಕು ಆಸ್ಪತ್ರೆಯಲ್ಲೇ ಎಎಸ್‌ವಿ ಹಾಕಿಸಿಕೊಂಡು ಬಂದವರು. ಉಳಿದ 96 ಜನರ ಕೇಸ್ ಶೀಟ್ ಹುಡುಕಿದೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ಲ್ಯಾಬ್ ಅಳೆಯುವುದು, ಏರಿದಷ್ಟೂ ತಡ) 1.5 ದಾಟಿದವರು 24. ಕ್ಲಾಟಿಂಗ್ ಟೆಸ್ಟ್ ಎಲ್ಲರಿಗೂ ಮಾಡಿದ್ದಾರೆ, ಆದರೆ ಎಷ್ಟು ಗಂಟೆಗೆ ರಕ್ತ ತೆಗೆದರು, ಎಷ್ಟು ಗಂಟೆಗೆ ನೋಡಿದರು ಅಂತ ಎರಡೂ ಬರೆದಿರುವುದು ಬೆರಳೆಣಿಕೆಯಷ್ಟು.

ಟ್ಯೂಬ್ ವಿಷಯ ಕೇಳಿ. ಕ್ಯಾಶುವಾಲ್ಟಿಯ ಸಿಂಕ್ ಮೇಲೆ ಒಂದು ಸ್ಟೀಲ್ ಡಬ್ಬಿ ಇದೆ, ಅದರಲ್ಲಿ ಗಾಜಿನ ಟ್ಯೂಬ್ ಒಂಬತ್ತು. ಎರಡರ ಬಾಯಿ ಒಡೆದಿದೆ. ಎಲ್ಲವನ್ನೂ ತೊಳೆದು ತೊಳೆದು ಬಳಸುತ್ತಾರೆ, ಪಕ್ಕದಲ್ಲೇ ಸೋಪಿನ ಪುಡಿಯ ಪೊಟ್ಟಣ. ಗಾಜಿನದು ಸಿಗದಿದ್ದಾಗ ಕೆಂಪು ಮುಚ್ಚಳದ ಪ್ಲಾಸ್ಟಿಕ್ ವೈಲ್‌ಗೇ ಹಾಕುತ್ತಾರೆ. ನೀವು ಬರೆದದ್ದು ಓದಿ ಹೋಗಿ ನೋಡಿದರೆ ಒಂದೊಂದೂ ಹಾಗೇ ಇತ್ತು, ಮೈ ಜುಮ್ ಅಂತು.

ಈಗ ಯೋಚನೆ: "20 ನಿಮಿಷದ ಟೆಸ್ಟ್ ಎಷ್ಟು ನಂಬಬಹುದು, ಎಎಸ್‌ವಿ ಡೋಸ್ ಮೇಲೆ ಅದರ ಪರಿಣಾಮ, ಕಿಡ್ನಿ ಹಾಳಾಗುವುದಕ್ಕೂ ಅದಕ್ಕೂ ಸಂಬಂಧ, ಮತ್ತು ರೋಗಿ ತಡವಾಗಿ ಬರಲು ಕಾರಣಗಳು". ಸರಿ ಇದೆಯಾ? ಸ್ಯಾಂಪಲ್ ಸೈಜ್ 100 ಅಂತ ಹಾಕಿಬಿಡಲಾ? ಎಲ್ಲರೂ ಅಷ್ಟೇ ಹಾಕುತ್ತಾರೆ.

ಲೆಕ್ಕದಕ್ಕ

100 ಅಂತ "ಹಾಕಿಬಿಡ"ಬೇಡಿ ಮಾರಾಯ್ರೇ. ವರ್ಷಕ್ಕೆ ನಲವತ್ತು ಸಿನಾಪ್ಸಿಸ್ ನನ್ನ ಟೇಬಲ್ ಮೇಲೆ ಬರುತ್ತವೆ, ಮೂವತ್ತರಲ್ಲಿ 100 ಅಂತಲೇ ಇರುತ್ತದೆ. ಯಾಕೆ ಅಂತ ಕೇಳಿದರೆ ಎಲ್ಲರೂ ಸೀಲಿಂಗ್ ಫ್ಯಾನ್ ನೋಡುತ್ತಾರೆ.

ಮೊದಲನೆಯದು, ನೀವು ಬರೆದದ್ದು ನಾಲ್ಕು ಥೀಸಿಸ್. ಒಂದು ಇಟ್ಟುಕೊಳ್ಳಿ, ಮೂರು ಬಿಡಿ. ಕಿಡ್ನಿ ಬಿಡಿ, ತಡವಾಗುವ ಕಾರಣ ಬಿಡಿ, ಡೋಸ್ ಬಿಡಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಬಿಟ್ಟದ್ದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಿ, ಮುಂದಿನ ಬ್ಯಾಚಿನವರಿಗೆ ಕೊಡಬಹುದು.

ಈಗ ಲೆಕ್ಕ. ನಿಮ್ಮ ಟೆಸ್ಟ್ ರಕ್ತ ಕೆಟ್ಟವರಲ್ಲಿ 80 ಪ್ರತಿಶತ ಜನರನ್ನು ಹಿಡಿಯುತ್ತದೆ ಅಂತ ಇಟ್ಟುಕೊಳ್ಳೋಣ, ಆ ಶ್ರೀಲಂಕಾ ಪೇಪರಿನ ಆಧಾರದ ಮೇಲೆ. ಹತ್ತು ಆಚೆ ಈಚೆ ಆದರೆ ಪರವಾಗಿಲ್ಲ. 1.96ರ (95 ಪ್ರತಿಶತ ಭರವಸೆಗೆ ಬಳಸುವ ಅಂಕಿ) ವರ್ಗವನ್ನು 0.8 ಮತ್ತು 0.2ರಿಂದ ಗುಣಿಸಿ, 0.1ರ ವರ್ಗದಿಂದ ಭಾಗಿಸಿ. ಬರುವುದು 61.5, ಅಂದರೆ 62 ಜನ. ಎಡವುವುದು ಇಲ್ಲೇ. ಈ 62 ಹಾವು ಕಡಿಸಿಕೊಂಡವರ ಲೆಕ್ಕ ಅಲ್ಲ, ಐಎನ್‌ಆರ್ ಏರಿದವರ ಲೆಕ್ಕ. ನಿಮ್ಮಲ್ಲಿ 96ಕ್ಕೆ 24, ಕಾಲು ಭಾಗ. ಹಾಗಾದರೆ ಒಟ್ಟು 248 ಜನ ಬೇಕು. ವರ್ಷಕ್ಕೆ 96 ಸಿಗುವ ಕಡೆ ಅದಕ್ಕೆ ಎರಡೂವರೆ ವರ್ಷಕ್ಕಿಂತ ಜಾಸ್ತಿ ಬೇಕು. ಅಷ್ಟರಲ್ಲಿ ನಿಮ್ಮ ಕಾನ್ವೊಕೇಶನ್ ಫೋಟೋ ಗೋಡೆ ಮೇಲಿರುತ್ತದೆ.

ಉಲ್ಟಾ ಮಾಡಿ ನೋಡೋಣ. ನಿಮಗೆ ರೋಗಿಗಳನ್ನು ಸೇರಿಸಲು ಒಂದೂವರೆ ವರ್ಷ ಸಿಕ್ಕಿತು ಅನ್ನಿ. 144 ಜನ, ಅದರಲ್ಲಿ 36 ಜನ ಐಎನ್‌ಆರ್ ಏರಿದವರು. ಆಗ ನಿಮ್ಮ ಉತ್ತರ ಹದಿಮೂರು ಆಚೆ ಈಚೆ ಇರುತ್ತದೆ. ಸ್ವಲ್ಪ ಅಗಲ ಆಯಿತು, ಆದರೆ 40 ಅಂತ ಬಂತೋ 80 ಅಂತ ಬಂತೋ ಹೇಳಲು ಧಾರಾಳವಾಗಿ ಸಾಕು. ಹದಿನೈದು ಆಚೆ ಈಚೆ ಸಾಕು ಅಂದರೆ 28 ಜನ, ಒಟ್ಟು 112. ಒಪ್ಪಿಗೆ ಕೊಡದವರು, ರಕ್ತ ಸಾಲದವರು ಅಂತ ಕೈಬಿಟ್ಟು ಹೋದರೂ ಒಂದೂವರೆ ವರ್ಷದೊಳಗೆ ಮುಗಿಯುತ್ತದೆ. ಹದಿನೈದು ಯಾಕೆ ಅಂತ ಯಾರಾದರೂ ಕೇಳಿದರೆ ರಿಜಿಸ್ಟರ್ ಲೆಕ್ಕ ತೋರಿಸಿ. ಫ್ಯಾನ್ ನೋಡಬೇಕಾಗಿಲ್ಲ.

ಇನ್ನೊಂದು, ಮರೆಯಬೇಡಿ: ಟ್ಯೂಬ್ ನೋಡುವವರಿಗೆ ಐಎನ್‌ಆರ್ ಗೊತ್ತಿರಬಾರದು. ಎರಡಕ್ಕೂ ರಕ್ತ ಒಂದೇ ಸಲ, ಒಂದೇ ಚುಚ್ಚಿನಲ್ಲಿ ತೆಗೆದಿರಬೇಕು. ನಿಮ್ಮ ಲ್ಯಾಬಿನಲ್ಲಿ ರಾತ್ರಿ ಎರಡು ಗಂಟೆಗೆ ಐಎನ್‌ಆರ್ ಮಾಡುತ್ತಾರಾ? ಇದನ್ನು ಸಿನಾಪ್ಸಿಸ್ ಬರೆಯುವ ಮೊದಲು ಕೇಳಿ. ನನಗೆ ಗೊತ್ತಿರುವ ಒಬ್ಬ ಹುಡುಗ ಎಲ್ಲ ಆದ ಮೇಲೆ ಕೇಳಿದ, ಪಾಪ.

ಕ್ಯಾಶುವಾಲ್ಟಿ ಸಿಸ್ಟರ್

ನಾನು ಡಾಕ್ಟರ್ ಅಲ್ಲ, ನರ್ಸಿಂಗ್ ಆಫೀಸರ್. ಹದಿನಾಲ್ಕು ವರ್ಷ ಕ್ಯಾಶುವಾಲ್ಟಿಯಲ್ಲಿದ್ದೇನೆ. ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ.

ಹತ್ತನೇ ನಿಮಿಷಕ್ಕೆ ಟ್ಯೂಬ್ ಅಲ್ಲಾಡಿಸುವುದು ಯಾಕೆ ಅಂತ ಯೋಚಿಸಿದ್ದೀರಾ ಡಾಕ್ಟ್ರೇ? ಹೊರಗೆ ಇಪ್ಪತ್ತು ಜನ ನೆಂಟರು ನಿಂತು "ಇಂಜೆಕ್ಷನ್ ಯಾವಾಗ ಹಾಕ್ತೀರ" ಅಂತ ಬಾಗಿಲು ಬಡಿಯುತ್ತಿರುತ್ತಾರೆ. ಪಕ್ಕದ ಮಂಚದಲ್ಲಿ ಆಕ್ಸಿಡೆಂಟ್ ಕೇಸ್. ಇಂಟರ್ನ್ ಒಬ್ಬನೇ. ಟ್ಯೂಬ್ ಇಡಲು ಜಾಗ ಇಲ್ಲ ಅಂತ ಎಷ್ಟೋ ಸಲ ಜೇಬಿನಲ್ಲಿ ಇಟ್ಟುಕೊಂಡು ಓಡಾಡುವುದನ್ನು ನೋಡಿದ್ದೇನೆ. ಓಡಾಡಿದರೆ ಅಲುಗುವುದಿಲ್ವಾ?

ಗೋಡೆಯಲ್ಲಿ ಸಣ್ಣ ಸ್ಟ್ಯಾಂಡ್ ಹೊಡೆಸಿ. ಅಡುಗೆಮನೆಯಲ್ಲಿ ಇಡುವ ಟೈಮರ್ ತಂದಿಡಿ. ಹೊಸ ಟ್ಯೂಬಿಗೆ ಇಂಡೆಂಟ್ (ಸ್ಟೋರ್ಸ್‌ಗೆ ಬೇಡಿಕೆ ಚೀಟಿ) ನಾವು ಹಾಕಿದರೆ ಬರುವುದು ನಿಧಾನ, ಡಿಪಾರ್ಟ್‌ಮೆಂಟಿನಿಂದ ಥೀಸಿಸ್‌ಗೆ ಅಂತ ಹಾಕಿದರೆ ಬೇಗ ಬರುತ್ತದೆ. ಮತ್ತೆ ಒಂದು ಮಾತು. ನಮ್ಮ ತಪ್ಪು ಹಿಡಿಯಲು ಬಂದಿದ್ದೀರಿ ಅಂತ ಅನಿಸಿದರೆ ಯಾರೂ ಟೈಮ್ ಸರಿಯಾಗಿ ಬರೆಯುವುದಿಲ್ಲ. ಮೊದಲ ದಿನವೇ ಕೂತು ಹೇಳಿ, ಟೆಸ್ಟ್ ಮೇಲೆ ಅನುಮಾನ, ನಿಮ್ಮ ಮೇಲೆ ಅಲ್ಲ ಅಂತ.

ತೋಟದ ಮನೆ

ಒಂದು ಅನುಮಾನ. ನಮ್ಮ ಕಡೆ ಕಾಫಿ ತೋಟಗಳಲ್ಲಿ ಹಂಪ್ ನೋಸ್ಡ್ ಪಿಟ್ ವೈಪರ್ ಅನ್ನುವ ಇನ್ನೊಂದು ವಿಷದ ಹಾವು ಕಡಿಯುವುದೂ ಇದೆ. ನಮ್ಮ ಎಎಸ್‌ವಿ ಕೆಲಸ ಮಾಡುವುದು ನಾಲ್ಕು ಹಾವಿಗೆ ಮಾತ್ರ ಅಲ್ವಾ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಇದನ್ನು ಅದು ತಡೆಯುವುದಿಲ್ಲ, ಆದರೂ ರಕ್ತ ಹೆಪ್ಪುಗಟ್ಟುವುದು ಕೆಡುತ್ತದೆ. ಅದರ ಮೇಲೆ ಮಾಡಿದರೆ ಇನ್ನೂ ಹೊಸದಾಗಿರುತ್ತದಲ್ವಾ?

ಹಳೇ ರಿಜಿಸ್ಟ್ರಾರ್

ಐಡಿಯಾ ಚಿನ್ನದಂಥದ್ದು. ಆದರೆ ಯಾವ ಹಾವು ಅಂತ ಖಚಿತ ಮಾಡುವುದು ಹೇಗೆ? ಸತ್ತ ಹಾವನ್ನೋ ಮೊಬೈಲ್ ಫೋಟೋವನ್ನೋ ತರುವವರು ಎಷ್ಟು ಜನ, ತಂದರೂ ಗುರುತಿಸುವವರು ಯಾರು? ಮೊದಲ ವರ್ಷದ ಪಿಜಿಯ ಹೆಗಲಿಗೆ ಇದು ಭಾರ. ಲೆಕ್ಕದಕ್ಕನ ನೋಟ್‌ಬುಕ್‌ಗೆ ಸೇರಿಸಿ. ಫೋಟೋ ಸಿಕ್ಕಿದರೆ ಮಾತ್ರ ತೆಗೆದಿಟ್ಟುಕೊಳ್ಳಿ, ಅದಕ್ಕೂ ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಇರಲಿ.

ಒಪ್ಪಿಗೆ ಅಂದಾಗ ನೆನಪಾಯಿತು. ಎಥಿಕ್ಸ್ ಕಮಿಟಿ ಮುಂದೆ ಮೊದಲು ಬರುವ ಪ್ರಶ್ನೆ ಇದೇ: ಹಾವು ಕಡಿದು ಹೆದರಿ ನಡುಗುತ್ತಿರುವ ಮನುಷ್ಯನ ಹತ್ತಿರ ಸಹಿ ಹೇಗೆ ಹಾಕಿಸುತ್ತೀರಿ? ಉತ್ತರ ಮೊದಲೇ ಸಿದ್ಧ ಇಟ್ಟುಕೊಳ್ಳಿ. ಚಿಕಿತ್ಸೆ ಒಂದು ನಿಮಿಷವೂ ನಿಮಗಾಗಿ ಕಾಯುವುದಿಲ್ಲ, ಎಎಸ್‌ವಿ ಕೊಡುವುದು ಬಿಡುವುದು ಡ್ಯೂಟಿ ಡಾಕ್ಟರ್ ತೀರ್ಮಾನ, ನೀವು ಜಾಸ್ತಿ ತೆಗೆಯುವುದು ಎರಡು ಎಂಎಲ್ ರಕ್ತ, ಅದೂ ಬೇರೆ ಚುಚ್ಚು ಇಲ್ಲದೆ. ಕನ್ನಡದಲ್ಲಿ ಒಂದೇ ಪುಟದ ಒಪ್ಪಿಗೆ ಪತ್ರ ಬರೆಯಿರಿ, ಬರೆದು ನಿಮ್ಮ ವಾರ್ಡ್ ಆಯಾ ಹತ್ತಿರ ಜೋರಾಗಿ ಓದಿಸಿ. ಅವರು ಎಲ್ಲಿ ತಡವರಿಸುತ್ತಾರೋ ಆ ಸಾಲು ಬದಲಿಸಿ. ಇಂಗ್ಲಿಷ್‌ನಿಂದ ಇಳಿಸಿದ "ಈ ಅಧ್ಯಯನದಲ್ಲಿ ಭಾಗವಹಿಸುವಿಕೆಯು ಸ್ವಯಂಪ್ರೇರಿತವಾಗಿರುತ್ತದೆ" ಅನ್ನುವ ಸಾಲು ಯಾರಿಗೂ ಅರ್ಥವಾಗುವುದಿಲ್ಲ. "ಬೇಡ ಅಂದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ" ಅಂದರೆ ಮುಗಿಯಿತು.

ಸಿಟಿಆರ್‌ಐನಲ್ಲಿ (ಸಂಶೋಧನೆಗಳನ್ನು ದಾಖಲಿಸುವ ದೇಶದ ಆನ್‌ಲೈನ್ ರಿಜಿಸ್ಟ್ರಿ) ನೋಂದಣಿ ಮಾಡಿಸಿ, ದುಡ್ಡು ಕೇಳುವುದಿಲ್ಲ. ಕ್ಲಿನಿಕಲ್ ಟ್ರಯಲ್‌ಗಳಿಗೆ 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸುವ ಮೊದಲೇ ಆಗಬೇಕು ಅನ್ನುವ ನಿಯಮ ಇದೆ. ನಿಮ್ಮದು ಟ್ರಯಲ್ ಅಲ್ಲ, ಆದರೂ ಮೊದಲೇ ಮಾಡಿಸಿ. ಆಮೇಲೆ ಪೇಪರ್ ಕಳಿಸುವಾಗ ತಲೆನೋವು ತಪ್ಪುತ್ತದೆ.

ಪಾಸಾದ್ರೆ ಸಾಕು

ಇಷ್ಟೆಲ್ಲ ಮಾಡಿ ಕೊನೆಗೆ "ನಮ್ಮ ಟೆಸ್ಟ್ ಸರಿ ಇಲ್ಲ" ಅಂತ ಬಂದರೆ? ಎಚ್‌ಒಡಿ ಸುಮ್ನಿರ್ತಾರಾ?

ಲೆಕ್ಕದಕ್ಕ

ಬರಲಿ ಬಿಡಿ. 80 ಬಂದರೂ ಬರೆಯಬಹುದು, 40 ಬಂದರೂ ಬರೆಯಬಹುದು. ಯಾವ ಉತ್ತರ ಬಂದರೂ ಮಾರನೇ ದಿನ ಕ್ಯಾಶುವಾಲ್ಟಿಯಲ್ಲಿ ಏನಾದರೂ ಬದಲಾಗುತ್ತದಾ ಅಂತ ಕೇಳಿಕೊಳ್ಳಿ. ನಿಮ್ಮ ನಾಲ್ಕನೇ ಪ್ರೊಫೈಲ್ ಥೀಸಿಸ್‌ನಲ್ಲಿ ಏನು ಬದಲಾಯಿತು ಹೇಳಿ ನೋಡೋಣ?

ಪಾಸಾದ್ರೆ ಸಾಕು

ನನ್ನ ಮದುವೆ. ಥೀಸಿಸ್ ಬೇಗ ಮುಗಿಸಿದ್ದಕ್ಕೆ ಮೇ ತಿಂಗಳಲ್ಲೇ ಆಯಿತು.

ರಾತ್ರಿಪಾಳಿ ಪಿಜಿ

ಅಕ್ಕ, ಸರ್, ಸಿಸ್ಟರ್, ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಗೈಡ್ ಮೇಡಂ ಹತ್ತಿರ ಹೋಗಿದ್ದೆ. ಒಂದೇ ಸಾಲಿನಲ್ಲಿ ಬರೆದುಕೊಂಡು ಹೋದೆ: ಎಎಸ್‌ವಿ ಇನ್ನೂ ಸಿಗದೆ ನಮ್ಮ ಕ್ಯಾಶುವಾಲ್ಟಿಗೆ ಬರುವ ಹಾವು ಕಡಿತದ ವಯಸ್ಕರಲ್ಲಿ, ಹೊಸ ಗಾಜಿನ ಟ್ಯೂಬಿನಲ್ಲಿ ಟೈಮರ್ ಇಟ್ಟು ಮಾಡಿದ 20 ನಿಮಿಷದ ಟೆಸ್ಟ್, 1.5 ದಾಟಿದ ಐಎನ್‌ಆರ್ ಅನ್ನು ಎಷ್ಟರ ಮಟ್ಟಿಗೆ ಹಿಡಿಯುತ್ತದೆ?

ಮೇಡಂ ಎರಡು ಸಲ ಓದಿದರು. "ಹೊಸ ಟ್ಯೂಬ್ ಯಾಕೆ?" ಅಂದರು. ಸಿಂಕ್ ಮೇಲಿನ ಡಬ್ಬಿಯ ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರು ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. "ಹೊಸ ಟ್ಯೂಬಿನಲ್ಲಿ ಚೆನ್ನಾಗಿ ಬಂದರೆ ಈಗ ನಾವು ಮಾಡುತ್ತಿರುವುದು ಹೇಗಿದೆ ಅಂತ ಗೊತ್ತಾಗುವುದಿಲ್ಲ ಅಲ್ವಾ? ಎರಡನ್ನೂ ಒಟ್ಟಿಗೆ ಇಡು. ಅದೇ ಸಿರಿಂಜಿನಿಂದ ಒಂದು ಆ ಡಬ್ಬಿಯ ಟ್ಯೂಬ್, ಒಂದು ಹೊಸದು." ಎರಡು ಎಂಎಲ್ ಇದ್ದದ್ದು ನಾಲ್ಕಾಯಿತು, ಒಪ್ಪಿಗೆ ಪತ್ರ ತಿದ್ದಬೇಕು. ಆದರೆ ಇನ್ನೊಂದು ಫಜೀತಿ. ಹೊಸ ಟ್ಯೂಬ್‌ಗೆ ಇಂಡೆಂಟ್ ಹಾಕಿದರೆ ಸ್ಟೋರ್ಸ್‌ನವರು ಎಲ್ಲವನ್ನೂ ಬದಲಿಸಿಬಿಡುತ್ತಾರೆ, ಆಮೇಲೆ ಹಳೇ ಡಬ್ಬಿ ಎಲ್ಲಿಂದ ತರಲಿ? ಗೊತ್ತಿದ್ದೂ ಇನ್ನೂ ಒಂದೂವರೆ ವರ್ಷ ಸೋಪಿನ ಟ್ಯೂಬಿನಲ್ಲೇ ರೋಗಿಗಳ ತೀರ್ಮಾನ ಆಗಲಿ ಅಂತ ಬಿಡುವುದು ಸರಿಯಾ? ಅಕ್ಕ, ಸರ್, ಇದಕ್ಕೆ ಏನು ಮಾಡಲಿ?

ಹಳೇ ರಿಜಿಸ್ಟ್ರಾರ್

ಬಿಡುವುದು ಸರಿಯಲ್ಲ. ಚಿಕಿತ್ಸೆಯ ತೀರ್ಮಾನಕ್ಕೆ ನಾಳೆಯಿಂದಲೇ ಹೊಸ ಟ್ಯೂಬ್ ಬಳಸಲಿ, ಅದಕ್ಕೆ ನಿಮ್ಮ ಥೀಸಿಸ್ ಕಾಯಬೇಕಾಗಿಲ್ಲ. ಹಳೇ ರೀತಿಯದ್ದು ಹೋಲಿಕೆಗೆ ಮಾತ್ರ, ಅದರ ಉತ್ತರ ಕೇಸ್ ಶೀಟ್‌ಗೆ ಹೋಗಬಾರದು, ನಿಮ್ಮ ಪ್ರೊಫಾರ್ಮಾದಲ್ಲೇ (ಥೀಸಿಸ್ ಮಾಹಿತಿ ತುಂಬುವ ಫಾರಂ) ಇರಲಿ. ಇದನ್ನು ಹೀಗೇ ಎಥಿಕ್ಸ್ ಕಮಿಟಿಗೂ ಬರೆಯಿರಿ. ಆ ಒಂಬತ್ತು ಟ್ಯೂಬ್ ಇವತ್ತು ರಾತ್ರಿಯೇ ತೆಗೆದು ನಿಮ್ಮ ಲಾಕರ್‌ನಲ್ಲಿಡಿ, ಬಾಯಿ ಒಡೆದ ಎರಡನ್ನು ಬಿಟ್ಟು. ಸೋಪಿನ ಪುಡಿಯೂ ಅದೇ ಇರಲಿ, ಬ್ರ್ಯಾಂಡ್ ಹೆಸರು ಬರೆದುಕೊಳ್ಳಿ.